ಈಸ್ಟರ್ ಮತ್ತು ಕಾಗದದ ಹುಣ್ಣಿಮೆ

ಕ್ರಿಸ್ಮಸ್ ನೆಚ್ಚಬಹುದಾದ ಹಬ್ಬ; ವರ್ಷ ಯಾವುದೇ ಇರಲಿ, ನಮ್ಮೂರ ಕಡೆ ಅದು ಡಿಸೆಂಬರ್ 25ನ್ನು ಬಿಟ್ಟು ಕದಲದು. ಈಸ್ಟರ್ ಹಾಗಲ್ಲ. ಮಾರ್ಚ್ 22ರಿಂದ ಏಪ್ರಿಲ್ 25ರವರೆಗೆ ಯಾವ ಭಾನುವಾರದಲ್ಲಿ ಬೇಕಾದರೂ ಬಿಡಾರ ಹೂಡುತ್ತದೆ. ವಿದ್ಯಾರ್ಥಿನಿಲಯದಲ್ಲಿ ನನ್ನ ಕೋಣೆಯ ಗೆಳೆಯ ಮಂಗಳೂರಿನ ಕಡೆಯ ಕ್ರೈಸ್ತ. ಹೊಸ ಕ್ಯಾಲೆಂಡರು ಬಂದೊಡನೆ ಅವನು ಹುಡುಕುವುದು ಆ ಭಾನುವಾರವನ್ನೇ. ಅದು ಪರೀಕ್ಷೆಗಳ ನಡುವೆ ಬಿದ್ದರೆ ಊರಿಗೆ ಹೋಗುವಂತಿಲ್ಲ. “ಇದನ್ನು ಗೊತ್ತುಮಾಡುವವರು ಯಾರು ಮಾರಾಯ?” ಎಂದು ಕೇಳಿದೆ. “ಸೂರ್ಯ, ಚಂದ್ರ, ಮತ್ತೆ ನಮ್ಮ ಪಾದ್ರಿಗಳು” ಎಂದ. ಪುಸ್ತಕ ತಿರುವಿ ನೋಡಿದರೆ, ಅವರಲ್ಲಿ ಪಾದ್ರಿಗಳ ಮಾತೇ ಮೇಲು!

ಹಗಲಿರುಳು ಸಮನಾಗುವ ವಸಂತ ವಿಷುವದಂದು ಅಥವಾ ಅದರ ತರುವಾಯ ಬರುವ ಮೊದಲ ಹುಣ್ಣಿಮೆ; ಆ ಹುಣ್ಣಿಮೆ ಕಳೆದ ಮೇಲಿನ ಮೊದಲ ಭಾನುವಾರ ಈಸ್ಟರ್. ಏಸು ಶಿಲುಬೆಗೇರಿದ್ದು ಯೆಹೂದ್ಯರ ಪಾಸ್ಕ ಹಬ್ಬದ ವೇಳೆ; ಅದು ವಸಂತದ ಹುಣ್ಣಿಮೆಯ ಹಬ್ಬ. ಪುನರುತ್ಥಾನವಾದದ್ದು ಭಾನುವಾರ. ಹೀಗಾಗಿ ಸೂರ್ಯ, ಚಂದ್ರ, ವಾರ ಮೂರನ್ನೂ ಒಂದೇ ಹಗ್ಗದಲ್ಲಿ ಕಟ್ಟಬೇಕಾಯಿತು. ಕ್ರೈಸ್ತರೆಲ್ಲ ಒಂದೇ ದಿನ ಹಬ್ಬ ಆಚರಿಸಬೇಕೆಂದು 325ರಲ್ಲಿ ನೈಸಿಯದ ಧರ್ಮಸಭೆ ನಿಶ್ಚಯಿಸಿತು. ಮುಂದೆ ಗಣಿತಗಾರರು ವಿಷುವವನ್ನು ಮಾರ್ಚ್ 21ಕ್ಕೆ ಶಾಶ್ವತವಾಗಿ ನಿಲ್ಲಿಸಿ, ಹುಣ್ಣಿಮೆಯನ್ನು 19 ವರ್ಷಗಳ ಚಕ್ರದಿಂದ ಎಣಿಸಿದರು. 19 ವರ್ಷಗಳಲ್ಲಿ ಏಳು ಅಧಿಕಮಾಸಗಳನ್ನು ಕಂಡ ನಮ್ಮ ಪಂಚಾಂಗದವರಿಗೆ ಈ ಲೆಕ್ಕ ಅಪರಿಚಿತವಲ್ಲ.

ಆದರೆ ಸೂರ್ಯ ಕೋಷ್ಟಕ ಓದಿದವನಲ್ಲ. ಜೂಲಿಯನ್ ವರ್ಷ ನಿಜವಾದ ವರ್ಷಕ್ಕಿಂತ ಸುಮಾರು 11 ನಿಮಿಷ ಉದ್ದ. ಹದಿನಾರನೆಯ ಶತಮಾನದ ವೇಳೆಗೆ ವಿಷುವ ಹತ್ತು ದಿನ ಹಿಂದೆ ಸರಿದಿತ್ತು. 1582ರಲ್ಲಿ ಪೋಪ್ ಹದಿಮೂರನೆಯ ಗ್ರೆಗರಿ ಹತ್ತು ದಿನಗಳನ್ನು ಕಿತ್ತುಹಾಕಿದರು. ಅಕ್ಟೋಬರ್ 4ರ ಮರುದಿನವೇ 15 ಆಯಿತು. ಇಂದು ಕಛೇರಿಗಳ ಗೋಡೆಗಳಲ್ಲಿ ತೂಗುವ ಕ್ಯಾಲೆಂಡರು ಈಸ್ಟರಿಗಾಗಿ ತಿದ್ದಿದ್ದು ಎಂಬುದು ಎಷ್ಟು ಜನಕ್ಕೆ ಗೊತ್ತು? ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಹೆಚ್ಚಿನವು ಈಸ್ಟರಿಗೆ ಹಳೆಯ ಲೆಕ್ಕವನ್ನೇ ಉಳಿಸಿಕೊಂಡವು. ಅದರ ಮಾರ್ಚ್ 21 ಈಗ ನಮ್ಮ ಏಪ್ರಿಲ್ 3. ಆದ್ದರಿಂದ 2024ರಲ್ಲಿ ಒಬ್ಬರಿಗೆ ಮಾರ್ಚ್ 31, ಇನ್ನೊಬ್ಬರಿಗೆ ಮೇ 5! 2025ರಲ್ಲಿ ಮಾತ್ರ ಇಬ್ಬರಿಗೂ ಏಪ್ರಿಲ್ 20. ಒಂದೇ ದಿನವೆಂಬ ನೈಸಿಯದ ಆಸೆ ಹೀಗೆ ಅಪರೂಪಕ್ಕೊಮ್ಮೆ ಕೈಗೂಡುತ್ತದೆ.

ತಿದ್ದಿದ ಲೆಕ್ಕವೂ ಆಕಾಶವನ್ನು ನೋಡುವುದಿಲ್ಲ. 2019ರ ಮಾರ್ಚ್ 21ರ ಗುರುವಾರ ನಮ್ಮ ಗಡಿಯಾರದಲ್ಲಿ ಬೆಳಗಿನ ಜಾವ ಮೂರೂವರೆಗೆ ವಿಷುವ, ಏಳು ಗಂಟೆ ಕಳೆದು ಹುಣ್ಣಿಮೆ. ಸೂತ್ರದಂತೆ 24ರ ಭಾನುವಾರವೇ ಈಸ್ಟರ್ ಆಗಬೇಕಿತ್ತು. ಕೋಷ್ಟಕದ ಹುಣ್ಣಿಮೆ ಒಂದು ದಿನ ಮುಂಚೆ, 20ಕ್ಕೇ ಬಿದ್ದಿದ್ದರಿಂದ ಹಬ್ಬ ಏಪ್ರಿಲ್ 21ಕ್ಕೆ ಹೋಯಿತು.

ಇದನ್ನು ನಗುವುದು ಸುಲಭ. ನನಗಂತೂ ನಗು ಬಾರದು. ಆಕಾಶವನ್ನೇ ನಂಬುವುದಾದರೆ ಯಾವ ಊರಿನ ಆಕಾಶ? ಅಂದು ನ್ಯೂಯಾರ್ಕಿನಲ್ಲಿ ವಿಷುವ, ಹುಣ್ಣಿಮೆ ಎರಡೂ 20ನೆಯ ತಾರೀಖಿಗೇ ಆಗಿದ್ದವು. ಕಾಗದದ ಹುಣ್ಣಿಮೆಗೆ ಊರುಗಳ ಭೇದವಿಲ್ಲ. ಜೆರೂಸಲೇಮಿನ ಆಕಾಶವನ್ನೇ ಪ್ರಮಾಣವಾಗಿಟ್ಟು ನಿಜವಾದ ವಿಷುವದಿಂದಲೇ ಎಣಿಸೋಣವೆಂದು 1997ರಲ್ಲಿ ಸಿರಿಯಾದ ಅಲೆಪ್ಪೊ ನಗರದಲ್ಲಿ ಸೇರಿದ್ದ ಹಲವು ಸಭೆಗಳ ಪ್ರತಿನಿಧಿಗಳು ಸೂಚಿಸಿದರು. ಆ ಸೂಚನೆ ಇನ್ನೂ ಆಚರಣೆಗೆ ಬಂದಿಲ್ಲ.