ವಸ್ತಿ ಬಸ್ಸಿನ ದಾರಿ ಹಿಡಿದು

ಅಕ್ಕನ ಮಗ ಹೆಂಡತಿಯೊಡನೆ ಅಲ್ಬೇನಿಯಾ ಸುತ್ತಿ ಬಂದಿದ್ದಾನೆ. ಸಮುದ್ರದ ಈಚೆ ದಡದಲ್ಲಿ, ಇಟಲಿಗೆ ಎದುರಾಗಿ ಇರುವ ಸಣ್ಣ ದೇಶ. ಅಲ್ಲಿಗೇ ಯಾಕೆ ಹೋದೆ ಎಂದು ಕೇಳಿದರೆ ಬೆರಳು ಮಡಚುತ್ತ ಹೇಳಿದ: ಖರ್ಚು ಕಡಿಮೆ, ನೂಕುನುಗ್ಗಲು ಇಲ್ಲ, ಬುಟ್ರಿಂಟ್‌ನಂಥ ಪ್ರಾಚೀನ ಪಟ್ಟಣದ ಅವಶೇಷಗಳಿವೆ, ಬೆರಾತ್‌ನಂಥ ಬೆಟ್ಟದೂರು ಇದೆ, ಎಲ್ಲಿ ಕೂತರೂ ಒಳ್ಳೆಯ ಊಟ ಸಿಗುತ್ತದೆ. ಒಂದೊಂದೂ ನನಗೆ ಒಪ್ಪಿಗೆಯಾದ ಕಾರಣವೇ. ನನ್ನ ತಿರುಗಾಟವೆಲ್ಲ ನಿಂತಿರುವುದೂ ಅವುಗಳ ಮೇಲೆಯೇ. ಹಾಗಾದರೆ ಮುಂದಿನ ರಜೆಗೆ ನಮ್ಮ ಹಾವೇರಿ ಜಿಲ್ಲೆ ನೋಡು ಎಂದೆ. “ಹಾವೇರ್ಯಾಗ ನೋಡಾಕ ಏನೈತಿ ಮಾಮಾ? ಹೈವೇದಾಗ ಛಾ ಕುಡ್ದು ಹೋಗೋ ಊರು ಅದು” ಎಂದ.

ಆ ಮಾತು ನನಗೆ ನೆಟ್ಟಿದೆ. ಹುಬ್ಬಳ್ಳಿಗೂ ಬೆಂಗಳೂರಿಗೂ ನಡುವೆ ಓಡಾಡುವ ಎಷ್ಟೋ ಜನ ಇದನ್ನೇ ನಂಬಿದ್ದಾರೆ. ಹೆದ್ದಾರಿಯ ಮೇಲೆ ನಿಂತು ನೋಡಿದರೆ ಯಾವ ಊರಲ್ಲೂ ಏನೂ ಇರುವುದಿಲ್ಲ. ಕೆಳಗಿಳಿಯಬೇಕು. ಇಳಿಯುವುದಕ್ಕೂ ಹೊತ್ತು ಎಂಬುದೊಂದಿದೆ.

ಹಾವೇರಿಯ ಪುರದ ಸಿದ್ದೇಶ್ವರನ ಗುಡಿಯನ್ನೇ ನೋಡಿ. ಕಲ್ಯಾಣದ ಚಾಲುಕ್ಯರ ಕಾಲದ್ದು, 12ನೇ ಶತಮಾನದ್ದು. ಅವರ ಗುಡಿಗಳು ಸಾಮಾನ್ಯವಾಗಿ ಮೂಡಣಕ್ಕೆ ಮುಖ ಮಾಡಿದರೆ ಇದು ಪಡುವಣಕ್ಕೆ ಮುಖ ಮಾಡಿದೆ. ಆದ್ದರಿಂದ ಬೆಳಿಗ್ಗೆ ಹೋದವರು ಬರೀ ನೆರಳು ನೋಡಿ ಬರುತ್ತಾರೆ. ಸಂಜೆ ಐದರ ಮೇಲೆ ಹೋಗಬೇಕು. ಇಳಿಬಿಸಿಲು ಎದುರಿನಿಂದ ಬಂದು ಬಳಪದ ಕಲ್ಲಿನ ಮೇಲೆ ಬಿದ್ದಾಗ ಕಡೆದ ಕಂಬಗಳ ಬಳೆಗಳು ಒಂದೊಂದಾಗಿ ಎದ್ದು ಕಾಣುತ್ತವೆ. ಆ ಕಲ್ಲು ಉಳಿಗೆ ಮೆತ್ತಗೆ ಒಲಿಯುವಂಥದ್ದು, ಅದಕ್ಕೇ ಅಷ್ಟು ಸಣ್ಣ ಕೆಲಸ ಸಾಧ್ಯವಾಗಿದೆ. ಹೊಳೆದಂಡೆಯ ಗುಡಿಗಳಿಗೆ ಇದರ ಉಲ್ಟಾ ಲೆಕ್ಕ. ಜಿಲ್ಲೆಯ ಮೂಡಣ ಗಡಿಯಲ್ಲಿ ತುಂಗಭದ್ರೆ ಹರಿಯುತ್ತಾಳೆ, ಸೂರ್ಯ ಆಚೆ ದಂಡೆಯಿಂದ ಏಳುತ್ತಾನೆ. ವರದೆ ತುಂಗಭದ್ರೆಯನ್ನು ಸೇರುವ ಗಳಗನಾಥಕ್ಕೂ, ಅಂಬಿಗರ ಚೌಡಯ್ಯನ ಹೆಸರು ಹೊತ್ತ ಚೌಡಯ್ಯದಾನಪುರಕ್ಕೂ ಬೆಳಕು ಹರಿಯುವಾಗ ಹೋಗಬೇಕು. ಗಳಗೇಶ್ವರನ ಗುಡಿಯ ಬುಡ ಪಿರಮಿಡ್ಡಿನಂತೆ ಅಗಲವಾಗಿ ಇಳಿದು ನೆಲವನ್ನು ಕಚ್ಚಿ ಹಿಡಿದಿದೆ. ಆ ಇಳಿಜಾರಿನ ಒಂದೊಂದು ಮೆಟ್ಟಿಲೂ ಎಳೆಬಿಸಿಲಲ್ಲಿ ಗೆರೆ ಬರೆದಷ್ಟು ಸ್ಪಷ್ಟ. ನಡುಮಧ್ಯಾಹ್ನ ಹೋದರೆ ಕಲ್ಲು ಕಾದಿರುತ್ತದೆ, ಕಾಲು ಸುಡುತ್ತದೆ, ಅಷ್ಟೇ.

ಬೆಳಕು ಹರಿಯುವ ಹೊತ್ತಿಗೆ ಅಲ್ಲಿರುವುದು ಹೇಗೆ? ವಸ್ತಿ ಬಸ್ಸಿನಿಂದ. ಸಂಜೆ ತಾಲ್ಲೂಕಿನಿಂದ ಹೊರಟು ರಾತ್ರಿ ಹಳ್ಳಿಯಲ್ಲೇ ನಿಂತು ನಸುಕಿನಲ್ಲಿ ವಾಪಸು ಹೊರಡುವ ಬಸ್ಸನ್ನು ಪ್ರವಾಸಿಗರು ಮರೆತೇಬಿಟ್ಟಿದ್ದಾರೆ. ಕಂಡಕ್ಟರನಿಗೆ ಊರ ಮನೆಮನೆಯ ಪರಿಚಯವಿರುತ್ತದೆ. ಎಲ್ಲಿ ಮಲಗಬಹುದೆಂದು ಅವನನ್ನೇ ಕೇಳಬೇಕು. ಮಠವೋ ಗುಡಿಯ ಪೌಳಿಯೋ ಒಂದನ್ನು ತೋರಿಸುತ್ತಾನೆ. ಹಳ್ಳಿಯಲ್ಲಿ ಚಾಪೆ ಕೇಳಿದವರಿಗೆ ಯಾರೂ ಇಲ್ಲ ಎಂದದ್ದನ್ನು ನಾನು ಕಂಡಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿರುವುದರಿಂದ ನಮ್ಮ ಹೆಣ್ಣುಮಕ್ಕಳಿಗೆ ಈ ಬಸ್ಸಿನ ಖರ್ಚೂ ಇಲ್ಲ.

ನನ್ನ ತಕರಾರು ಕಾರಿನವರ ಜೊತೆ. ಒಂದೇ ದಿನಕ್ಕೆ ಹಾವೇರಿ, ಗಳಗನಾಥ, ಕಾಗಿನೆಲೆ, ಬಂಕಾಪುರ, ಹಾನಗಲ್ಲು ಎಂದು ಪಟ್ಟಿ ಹಾಕಿಕೊಂಡು ಬರುತ್ತಾರೆ. ಕಾಗಿನೆಲೆಯಲ್ಲಿ ಕನಕದಾಸರ ನೆಲದ ಮೇಲೆ ನಿಂತು ಗಡಿಯಾರ ನೋಡುತ್ತಾರೆ. ಹಾನಗಲ್ಲಿನ ತಾರಕೇಶ್ವರನ ಗುಡಿಯಲ್ಲಿ ಭುವನೇಶ್ವರಿಯ, ಅಂದರೆ ಕಮಲ ಕಡೆದ ಒಳಚಾವಣಿಯ ಕೆಳಗೆ ನಿಂತರೆ ಕುತ್ತಿಗೆ ಇಳಿಸಲು ಮನಸ್ಸಾಗುವುದಿಲ್ಲ. ಆ ಕಲ್ಲಿನ ಕಮಲವನ್ನು ಮೊಬೈಲಿಗೆ ತೋರಿಸಿ ಓಡುತ್ತಾರೆ. ಕುಡಿದ ಬಾಟಲಿಯನ್ನು ಹೊಳೆಗೆ ಎಸೆದು ಹೋಗುವವರೂ, ಕಂಬದ ಮೇಲೆ ಹೆಸರು ಗೀಚುವವರೂ ಈ ಅವಸರದವರೇ. ಎಂಟುನೂರು ವರ್ಷ ಮಳೆ ಗಾಳಿ ತಡೆದ ಕಂಬಕ್ಕೆ ಒಂದು ಮೊಳೆ ಸಾಕು. ಇಂಥವರನ್ನು ಕಂಡರೆ ನನಗೆ ಸಿಟ್ಟು ತಡೆಯಲಾಗುವುದಿಲ್ಲ. ಒಂದು ರಾತ್ರಿ ಊರಲ್ಲಿ ಮಲಗಿದವನು ಆ ಊರ ಕಲ್ಲನ್ನು ಗೀಚುವುದಿಲ್ಲ.

ಬ್ಯಾಡಗಿಗೆ ಹೋಗುವುದಾದರೆ ಸೋಮವಾರ ಇಲ್ಲವೇ ಗುರುವಾರ, ಮೆಣಸಿನಕಾಯಿಯ ಮಾರುಕಟ್ಟೆ ದಿನ. ಸುಗ್ಗಿ ಏರಿದ ಜನವರಿಯಿಂದ ಮಾರ್ಚ್‌ವರೆಗೆ ಚೀಲಗಳ ಓಣಿಗಳಲ್ಲಿ ನಡೆಯುವ ಸುಖ ಬೇರೆ. ಗಿಡ್ಡಗೆ ದುಂಡಗಿನದು ಡಬ್ಬಿ, ನೀಳವಾದದ್ದು ಕಡ್ಡಿ. ಮೈಯೆಲ್ಲ ಸುಕ್ಕು, ಬಣ್ಣ ಕಡುಗೆಂಪು, ಖಾರ ಕಡಿಮೆ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಇದರಿಂದ ತೆಗೆಯುವ ಓಲಿಯೋರೆಸಿನ್ ಎಂಬ ಬಣ್ಣದ ಸಾರ ದೂರ ದೇಶಗಳಿಗೂ ಹೋಗುತ್ತದೆ. ಮಧ್ಯಾಹ್ನ ಖಾನಾವಳಿಯಲ್ಲಿ ಕೂತರೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಇಂಥ ಊಟಕ್ಕೆ ಕಡಲು ದಾಟಬೇಕಾಗಿಲ್ಲ.

ಆದರೆ ನನ್ನನ್ನು ಮತ್ತೆಮತ್ತೆ ಎಳೆಯುವುದು ರಾಣೆಬೆನ್ನೂರಿನ ಬಯಲು. 1974ರಲ್ಲಿ ಘೋಷಣೆಯಾದ ಕೃಷ್ಣಮೃಗಗಳ ಅಭಯಾರಣ್ಯ, 119 ಚದರ ಕಿಲೋಮೀಟರು. ಕೃಷ್ಣಮೃಗ ದಟ್ಟ ಕಾಡಿನ ಪ್ರಾಣಿಯಲ್ಲ. ದೂರದಿಂದಲೇ ವೈರಿಯನ್ನು ಕಂಡು, ಓಡಿ ಬದುಕುವ ಪ್ರಾಣಿ. ಅದಕ್ಕೆ ಬೇಕಾದದ್ದು ಹುಲ್ಲು ಮತ್ತು ತೆರೆದ ನೋಟ. ಅಂಥ ನೆಲದಲ್ಲಿ ಸಾಲುಸಾಲಾಗಿ ನೀಲಗಿರಿ ಬೆಳೆಸಿದರು. ಹುಲ್ಲುಗಾವಲೆಂದರೆ ಬಂಜರು, ಮರ ನೆಟ್ಟರೆ ಉದ್ಧಾರವಾಯಿತು ಎಂಬ ಲೆಕ್ಕ. ಒಂದು ಕಾಲಕ್ಕೆ ಇಲ್ಲಿ ಎರೆಭೂತ ಹಕ್ಕಿ ಇತ್ತು, ಸುಮಾರು ಒಂದು ಮೀಟರು ಎತ್ತರದ ಬಯಲುಹಕ್ಕಿ. ಈಗ ಇಲ್ಲಿಂದ ಮರೆಯಾಗಿದೆ. ಚಿಗರಿಗಳು, ಅಂದರೆ ಕೃಷ್ಣಮೃಗಗಳು, ಉಳಿದಿವೆ. ಹುಲ್ಲು ಸಾಲದೆ ಹೊಲಕ್ಕೆ ಇಳಿಯುತ್ತವೆ, ಬೆಳೆ ಕಳೆದುಕೊಂಡ ರೈತ ಗೋಳಾಡುತ್ತಾನೆ. ಅವನ ಗೋಳೂ ನಿಜ, ಚಿಗರಿಯ ಹಸಿವೂ ನಿಜ.

“ಅಲ್ಲೇನೂ ಇಲ್ಲ” ಎಂಬ ಮಾತಿಗೆ ನಾನು ಇಷ್ಟು ಕೆರಳುವುದು ಇದಕ್ಕೇ. ಆ ಮಾತಿಗೆ ಬೆಲೆ ತೆರಬೇಕಾಗುತ್ತದೆ. ಬಯಲಿನಲ್ಲಿ ಏನೂ ಇಲ್ಲವೆಂದವರು ಅದರ ಮೇಲೆ ತೋಪು ಬೆಳೆಸಿದರು. ಊರಲ್ಲಿ ಏನೂ ಇಲ್ಲವೆಂದರೆ ಅದರ ಗುಡಿ, ಹೊಳೆ, ಹುಲ್ಲು ಯಾವುದನ್ನೂ ಕಾಯುವವರಿರುವುದಿಲ್ಲ. ನೋಡಲು ಬಂದವನೂ ಕಾಯುವವರಲ್ಲಿ ಒಬ್ಬ.

ಆದ್ದರಿಂದ ಕೇಳಿಕೊಳ್ಳುತ್ತೇನೆ: ಈ ಚಳಿಗಾಲ ಮೂರು ದಿನ ಬಿಡುವು ಮಾಡಿಕೊಳ್ಳಿ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಒಂದೇ ರೈಲು ದಾರಿಯಲ್ಲಿವೆ. ಕಾರನ್ನು ಮನೆಯಲ್ಲೇ ಬಿಟ್ಟು ಬನ್ನಿ, ಒಂದು ರಾತ್ರಿಯಾದರೂ ಹಳ್ಳಿಯಲ್ಲಿ ತಂಗಿ, ಮಕ್ಕಳನ್ನು ಕರೆತನ್ನಿ.