ಅಮಾವಾಸ್ಯೆಯ ಸಮುದ್ರ

ಮತ್ತಿಕೆರೆಯವರಿಗೆ ಸಮುದ್ರ ದೂರ ಅಂತ ಯಾರೂ ಹೇಳಬಾರದು. ಯಶವಂತಪುರ ಸ್ಟೇಷನ್ನು ಆಟೋದವರು ಬರಲೊಪ್ಪದಷ್ಟು ಹತ್ತಿರ. ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ, ಚಪಾತಿ-ಪಲ್ಯದ ಡಬ್ಬಿ ಖಾಲಿ ಮಾಡಿ ಮಲಗಿದರೆ ಘಾಟಿಯ 57 ಸುರಂಗಗಳೂ ನಿದ್ದೆಯಲ್ಲೇ ಕಳೆದು ಬೆಳಿಗ್ಗೆ ಕಾರವಾರ. ಸಂಜೆ ವಾಪಸ್ ರೈಲು, ಮಾರನೆಯ ದಿನ ಆಫೀಸು.

ಆದರೂ ನಮ್ಮ ಮನೆಯಲ್ಲಿ ಸಮುದ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಅಪ್ಪ ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿದ್ದವರು. ‘ಮುಂದಿನ ಎಲ್‌ಟಿಸಿಗೆ ಸಮುದ್ರ’ ಎನ್ನುತ್ತಿದ್ದರು. ಎಲ್‌ಟಿಸಿ ಪ್ರತಿ ಸಲ ತಿರುಪತಿಗೇ ಹೋಗುತ್ತಿತ್ತು. ಅಪ್ಪ ಹೋದರು, 2016ರಲ್ಲಿ ವಾಚ್ ಕಂಪನಿಯೂ ಮುಚ್ಚಿತು. ಎಪ್ಪತ್ತು ದಾಟಿದ ಅಮ್ಮ ಸಮುದ್ರ ನೋಡದೆ ಉಳಿದಳು.

ನಾನು ಎರಡನೇ ಶನಿವಾರ ಎಂದೆ. ಅಮ್ಮ ಒಂಟಿಕೊಪ್ಪಲ್ ಪಂಚಾಂಗ ತೆಗೆದಳು. ಪರ್ವದಿನವಲ್ಲದೆ ಸಮುದ್ರವನ್ನು ಮುಟ್ಟಕೂಡದಂತೆ, ನೋಡಬಹುದಂತೆ.

“ನೋಡಿಕೊಂಡು ಬರೋಕೆ ಅದೇನು ಲಾಲ್‌ಬಾಗ್ ಫ್ಲವರ್ ಶೋನೇನೋ?”

ಅಮಾವಾಸ್ಯೆಗೆ ಟಿಕೆಟ್ ಮಾಡಿಸಿ, ರಜೆ ಹಾಕಿದೆ.

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರಿದೆ. 1883ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ, ಇಲ್ಲಿ ಉಳಿದು ಒಂದು ನಾಟಕ ಬರೆದರು. ಅಣ್ಣ ಸತ್ಯೇಂದ್ರನಾಥರು ಇಲ್ಲಿಯ ಜಿಲ್ಲಾ ನ್ಯಾಯಾಧೀಶರು. ಬಾಡಿಗೆಯ ಚಿಂತೆಯಿಲ್ಲ, ಸಂಜೆಯ ರೈಲು ಹಿಡಿಯುವ ಗಡಿಬಿಡಿಯಿಲ್ಲ; ನಾಟಕ ಬರೆಯದೆ ಇನ್ನೇನು ಮಾಡಿಯಾರು? ನಾನು ಮಾತ್ರ ಗಡಿಯಾರ ನೋಡುತ್ತಾ ಸಮುದ್ರ ನೋಡಿದೆ, ವಾಚ್ ಫ್ಯಾಕ್ಟರಿಯವರ ಮಗ ತಾನೆ.

ಬಲೆ ಬಿಡಿಸುತ್ತಿದ್ದ ಮೀನುಗಾರರೊಬ್ಬರು ಕೂಗಿದರು: “ಅಮ್ಮಾ, ಅಮಾಸೆ ಭರತಿ, ನೀರು ಜೋರುಂಟು, ಮುಂದೆ ಹೋಗ್ಬೇಡಿ.” ಸೂರ್ಯ, ಚಂದ್ರ ಒಂದೇ ಸಾಲಿಗೆ ಬಂದು ಎಳೆಯುವುದರಿಂದ ಅಮಾವಾಸ್ಯೆ, ಹುಣ್ಣಿಮೆಗೆ ಉಬ್ಬರ ಹೆಚ್ಚು ಎಂದು ನಾನೂ ಸ್ಕೂಲಿನ ಪಾಠ ಒಪ್ಪಿಸಿದೆ. ಶಾಸ್ತ್ರದವರು ಸರಿಯಾಗಿ ಅಪಾಯದ ದಿನವನ್ನೇ ಆರಿಸಿದ್ದಾರಲ್ಲ ಎಂದು ಚುಚ್ಚಿದೆ.

“ನಿನಗೆ ತಿಳಿಯಲ್ಲ. ಅವತ್ತು ಅದೇ ಎದ್ದು ಬರತ್ತೆ. ನಾವು ಹುಡುಕ್ಕೊಂಡು ಒಳಗೆ ಹೋಗಬೇಕಾಗಿಲ್ಲ.”

ಹಾಗೇ ಆಯಿತು. ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಮರಳಲ್ಲೇ ನಿಂತಳು. ತೆರೆ ಬಂದು ಮೊಣಕಾಲು ತೋಯಿಸಿತು. ಬೊಗಸೆಯಲ್ಲಿ ನೀರೆತ್ತಿ ತಲೆಗೆ ಚಿಮುಕಿಸಿಕೊಂಡಳು. ಉಳಿದ ಹನಿಯನ್ನು, ಒಲೆಯ ಮೇಲಿನ ಸಾರು ನೋಡುವ ಹಾಗೆ, ನಾಲಿಗೆಗೆ ಮುಟ್ಟಿಸಿ ಮುಖ ಹಿಂಡಿದಳು. “ಇದನ್ನ ನೋಡೋಕೆ ನಿಮ್ಮಪ್ಪ ಅಷ್ಟು ವರ್ಷ ಕಾಯಿಸಿದ್ರಲ್ಲ” ಎಂದಳು. ಬೈದಳೋ ನೆನೆದಳೋ, ನಾನು ಕೇಳಲಿಲ್ಲ.

ಊಟ ಮುಗಿಸಿ ಬರುವಷ್ಟರಲ್ಲಿ ನೀರು ಹಿಂದೆ ಸರಿದಿತ್ತು. ಉಬ್ಬರ ಹೆಚ್ಚಿದ್ದ ದಿನ ಇಳಿತವೂ ಹೆಚ್ಚು. “ದರ್ಶನ ಮುಗೀತು, ಬಾಗಿಲು ಹಾಕಿದ್ರು. ಒಳ್ಳೇ ಕಾಫಿ ಎಲ್ಲಿ ಸಿಗತ್ತೆ ನೋಡು” ಎಂದಳು.

ಮನೆಯಲ್ಲಿ ಸಮುದ್ರ ಕಾಣದ ಹಿರಿಯರಿದ್ದರೆ ಎಲ್‌ಟಿಸಿ ಕಾಯಬೇಡಿ. ಮಳೆಗಾಲವೊಂದು ಬಿಟ್ಟು, ಅವರ ಮೊಣಕಾಲು ಗಟ್ಟಿ ಇರುವಾಗಲೇ ಟಿಕೆಟ್ ಮಾಡಿಸಿ. ದಿನವನ್ನು ಮಾತ್ರ ಅವರೇ ಗೊತ್ತುಮಾಡಲಿ.