ಬೆಳಕವಾಡಿಯಿಂದ ಕಾಂಗೋ ನಾಡಿಗೆ: ಹೊರಡುವ ಮುನ್ನ

ಮಳವಳ್ಳಿಯಿಂದ ದಕ್ಷಿಣಾಭಿಮುಖವಾಗಿ ಹೊರಟ ಬಸ್ಸು ಕಬ್ಬು, ಭತ್ತದ ಗದ್ದೆಗಳನ್ನು ಹಾಯ್ದು ಬೆಳಕವಾಡಿಯನ್ನು ಸೇರುವ ಹೊತ್ತಿಗೆ ಗಾಳಿಯಲ್ಲಿ ಕಾವೇರಿಯ ತಂಪು ಬೆರೆತಿರುತ್ತದೆ. ಸಂಗೀತಪ್ರಿಯರಿಗೆ ಈ ಊರಿನ ಹೆಸರು ಹೊಸದಲ್ಲ. ಮೈಸೂರು ಆಸ್ಥಾನದಲ್ಲಿ ಹಾಡಿ ಹೆಸರಾದ ವಿದ್ವಾನ್ ಬೆಳಕವಾಡಿ ಶ್ರೀನಿವಾಸ ಅಯ್ಯಂಗಾರ್ಯರು ಊರಿನ ಹೆಸರನ್ನು ತಮ್ಮ ಹೆಸರಿನೊಡನೆ ನಾಡಿಗೆಲ್ಲ ಪರಿಚಯಿಸಿದರು. ಇಲ್ಲಿಂದ ಕೆಲವೇ ಮೈಲಿಗಳ ಅಂತರದಲ್ಲಿ ಕಾವೇರಿಯು ಶಿವನಸಮುದ್ರದ ಬಳಿ ಕವಲೊಡೆದು ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುತ್ತಾಳೆ. ಆ ನೀರಿನ ಬಲದಿಂದ ಹುಟ್ಟಿದ ವಿದ್ಯುತ್ತು 1902ರ ಜೂನ್ ಕೊನೆಯಲ್ಲಿ ತೊಂಬತ್ತೆರಡು ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಅದೇ ವಿದ್ಯುತ್ತು ಬೆಂಗಳೂರಿನ ಬೀದಿಗಳನ್ನು ಬೆಳಗಿತು. ನೀರು ಬೀಳುವುದನ್ನು ನೋಡಲು ಬರುವ ಪ್ರವಾಸಿಗರಿಗೆ ಇವೆಲ್ಲ ತಿಳಿದಿರುವ ಸಂಗತಿಗಳೇ. ಆದರೆ ಈ ಸ್ಥಳಕ್ಕೆ ಇನ್ನೊಂದು ಮುಖವಿದೆ; ಅದನ್ನು ನೆನೆಯುವವರು ವಿರಳ.

ಶಿವನಸಮುದ್ರದ ಕಾಮಗಾರಿ ನಡೆದ ಆ ವರ್ಷಗಳಲ್ಲಿ ವಿದ್ಯುತ್ ಯಂತ್ರಗಳು ಅಮೆರಿಕೆಯ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದಲೂ, ನೀರಿನ ಚಕ್ರಗಳು ಸ್ವಿಟ್ಜರ್‌ಲೆಂಡಿನ ಎಶರ್ ವಿಸ್ ಕಂಪನಿಯಿಂದಲೂ ಬಂದವು. ಯಂತ್ರಗಳೊಡನೆ ಅವುಗಳನ್ನು ಜೋಡಿಸುವ ಪರದೇಶದ ತಂತ್ರಜ್ಞರೂ ಬಂದರು. ಅವರ ಮನೆಯವರಿಗೆ ನಮ್ಮ ಈ ನಾಡು ಹೇಗೆ ಕಂಡಿರಬೇಕು! 1898ರಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತ್ತು. ಕಾಲರಾ ಆಗಾಗ ಬಂದು ಹೋಗುತ್ತಿದ್ದ ಕಾಲ ಅದು. ಮಲೇರಿಯಾ ಜ್ವರವನ್ನು ಹೊತ್ತು ತರುವುದು ಸೊಳ್ಳೆಯೆಂಬುದನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಕೊಂಡದ್ದು 1897ರ ಆಗಸ್ಟಿನಲ್ಲಷ್ಟೇ. ಮುಂದೆ 1930ರ ದಶಕದಲ್ಲಿ ನಾಲೆಯ ನೀರು ಹರಿದ ಮೇಲೆ ಮಂಡ್ಯದ ಸೀಮೆಯಲ್ಲಿ ಮಲೇರಿಯಾ ಉಲ್ಬಣಿಸಿ, ಮೈಸೂರು ಸರ್ಕಾರವು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಅದನ್ನು ಹತ್ತಿಕ್ಕಬೇಕಾಯಿತು. ಎಂದರೆ, ಒಂದು ಕಾಲಕ್ಕೆ ನಮ್ಮ ಊರುಗಳೇ ಪರದೇಶದವರ ಪಾಲಿಗೆ ‘ಅಪಾಯದ ನಾಡು’ ಆಗಿದ್ದವು. ಆದರೂ ಅವರು ಬಂದರು, ಕೆಲಸ ಮುಗಿಸಿದರು.

ಈಗ ಕಾಲಚಕ್ರ ತಿರುಗಿದೆ. ವ್ಯಾಪಾರಕ್ಕೆಂದು, ಉದ್ಯೋಗಕ್ಕೆಂದು ನಮ್ಮ ಮಕ್ಕಳೇ ದೂರದ ನಾಡುಗಳಿಗೆ ಹೊರಟಿದ್ದಾರೆ. ಕಳೆದ ದೀಪಾವಳಿಯ ಮರುವಾರ ಬೆಳಕವಾಡಿಯ ಬಂಧುಗಳ ಮನೆಗೆ ಹೋದಾಗ ಅಲ್ಲಿ ಇದೇ ಮಾತು ನಡೆದಿತ್ತು. ಮನೆಯ ಹಿರಿಯ ಮಗ ನೀರೆತ್ತುವ ಪಂಪುಗಳನ್ನು ತಯಾರಿಸುವ ಕಂಪನಿಯೊಂದರಲ್ಲಿ ಎಂಜಿನಿಯರು. ಮೂರು ವಾರಗಳ ಮಟ್ಟಿಗೆ ಆಫ್ರಿಕಾದ ಕಾಂಗೋ ದೇಶಕ್ಕೆ ಹೋಗಿ, ಅಲ್ಲಿನ ತಾಮ್ರದ ಗಣಿಗಳವರೊಡನೆ ವ್ಯವಹಾರ ಕುದುರಿಸಿಕೊಂಡು ಬರಬೇಕೆಂದು ಕಂಪನಿಯ ಸೂಚನೆ. ಹೋಗಿ ಬಂದರೆ ಬಡ್ತಿ. ಬಡ್ತಿ ದೊರೆತರೆ ತಂಗಿಯ ಮದುವೆಗೆ ಮಾಡಿದ ಸಾಲ ಎರಡು ವರ್ಷ ಮೊದಲೇ ತೀರುತ್ತದೆ. ಆದರೆ ತಾಯಿಗೆ ನಿದ್ರೆಯಿಲ್ಲ. “ಅಲ್ಲಿ ಜ್ವರ ಬಂದ್ರೆ ನೋಡೋರು ಯಾರಪ್ಪ? ಗುಂಡು ಹಾರಿಸ್ತಾರಂತಲ್ಲ!” ಎಂದು ಆಕೆ ಕೇಳಿದರೆ, “ಏನೂ ಆಗಲ್ಲ ಬಿಡವ್ವ” ಎಂಬುದೇ ಮಗನ ಉತ್ತರ.

ಆಗ ಮಾತನಾಡಿದವರು ಹುಡುಗನ ದೊಡ್ಡಪ್ಪ. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ಸೇರಿ, ಮೂವತ್ತು ವರ್ಷ ಕಂಬ ಹತ್ತಿ ಇಳಿದು ನಿವೃತ್ತರಾದವರು. “ಏನೂ ಆಗಲ್ಲ ಅಂದವನೂ ಕೆಲಸಗಾರ ಅಲ್ಲ, ಹೆದರಿ ಕೆಳಗೇ ನಿಂತವನೂ ಅಲ್ಲ ಕಣಪ್ಪ. ಲೈನ್ ಕ್ಲಿಯರ್ ತಗೊಂಡು ಹತ್ತೋನು ಕೆಲಸಗಾರ” ಎಂದರು ಅವರು. ತಂತಿಯಲ್ಲಿ ವಿದ್ಯುತ್ತು ನಿಂತಿದೆಯೆಂಬ ಖಾತರಿ ಬರಹದಲ್ಲಿ ಕೈಸೇರುವ ತನಕ ಕಂಬವನ್ನು ಮುಟ್ಟಬಾರದೆಂಬುದು ಅವರ ವೃತ್ತಿಯ ಮೊದಲ ಪಾಠ. ಆ ರಾತ್ರಿ ಊಟವಾದ ಮೇಲೆ ಕಾಂಗೋ ಪ್ರಯಾಣಕ್ಕೂ ಅಂಥದೊಂದು ‘ಲೈನ್ ಕ್ಲಿಯರ್’ ಪಡೆಯುವುದು ಹೇಗೆಂದು ನಾವೆಲ್ಲ ಕುಳಿತು ವಿಚಾರಿಸಿದೆವು.

ಮೊದಲನೆಯದು ಸ್ಥಳವಿಚಾರ. ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯವು ವಿಸ್ತೀರ್ಣದಲ್ಲಿ ನಮ್ಮ ಭಾರತದ ಮುಕ್ಕಾಲಿಗೆ ಸಮೀಪವಾದ ದೇಶ. ಅದರ ಪೂರ್ವದಂಚಿನ ಗೋಮಾ ಪಟ್ಟಣವು 2025ರ ಜನವರಿಯಲ್ಲಿ, ಬುಕಾವು ಪಟ್ಟಣವು ಫೆಬ್ರವರಿಯಲ್ಲಿ ಬಂಡುಕೋರರ ವಶವಾದವು. ತಾಮ್ರದ ಗಣಿಗಳಿಗೆ ಹೆಸರಾದ ಲುಬುಂಬಾಶಿಯಾದರೋ ಆಗ್ನೇಯ ದಿಕ್ಕಿನಲ್ಲಿ, ಗೋಮಾದಿಂದ ಬಹು ದೂರದಲ್ಲಿದೆ. ಕಾಶ್ಮೀರದ ಗಡಿಯಲ್ಲಿ ಗುಂಡು ಹಾರಿತೆಂದು ಮಳವಳ್ಳಿಯ ಸಂತೆ ನಿಲ್ಲುವುದಿಲ್ಲವಷ್ಟೆ! ಆದುದರಿಂದ ತೂಗಬೇಕಾದುದು ದೇಶದ ಹೆಸರನ್ನಲ್ಲ. ಹೋಗುವ ಊರನ್ನು, ಹೋಗುವ ದಾರಿಯನ್ನು, ಹೋಗುವ ತಿಂಗಳನ್ನು. ಕಂಪನಿಯ ಪಟ್ಟಿಯಲ್ಲಿ ‘ಸಾಧ್ಯವಾದರೆ ಪೂರ್ವಭಾಗದ ಭೇಟಿ’ ಎಂಬ ಒಂದು ಸಾಲಿತ್ತು. ಅದನ್ನು ಹೊಡೆದುಹಾಕಬೇಕೆಂದು ಮೊದಲ ನಿರ್ಣಯವಾಯಿತು.

ಎರಡನೆಯದು ಹಿಂದಿರುಗುವ ದಾರಿ. ಇದಕ್ಕೆ ನಮ್ಮ ನಾಡಿನವರೇ ಅನುಭವಿಸಿದ ನಿದರ್ಶನವಿದೆ. ಗಿಡಮೂಲಿಕೆಯ ಎಣ್ಣೆ, ಔಷಧಿಗಳನ್ನು ಮಾರಲು ಸುಡಾನ್ ದೇಶಕ್ಕೆ ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರು, 2023ರ ಏಪ್ರಿಲ್ 15ರಂದು ಅಲ್ಲಿ ಸೈನ್ಯದ ಎರಡು ಬಣಗಳ ನಡುವೆ ಕಾಳಗ ಹೊತ್ತಿಕೊಂಡಾಗ ಬಾಡಿಗೆ ಮನೆಗಳಲ್ಲಿ ಸಿಕ್ಕಿಬಿದ್ದು, ಅನ್ನ ನೀರಿಗೂ ಪರದಾಡಿದರು. ರಾಜಧಾನಿ ಖಾರ್ಟೂಮಿನ ವಿಮಾನ ನಿಲ್ದಾಣ ಮೊದಲ ದಿನವೇ ಮುಚ್ಚಿಹೋಯಿತು. ಉಳಿದದ್ದು ಕೆಂಪು ಸಮುದ್ರದ ದಂಡೆಯ ಪೋರ್ಟ್ ಸುಡಾನಿನವರೆಗಿನ ನೂರಾರು ಮೈಲಿಗಳ ರಸ್ತೆ. ನಮ್ಮ ಸರ್ಕಾರ ನೌಕೆಗಳನ್ನೂ ವಿಮಾನಗಳನ್ನೂ ಕಳುಹಿಸಿ ಮೂರು ಸಾವಿರದ ಎಂಟುನೂರಕ್ಕೂ ಹೆಚ್ಚು ಮಂದಿಯನ್ನು ಪಾರುಮಾಡಿತು. ಆ ಕಾರ್ಯಾಚರಣೆಗೆ ಇಟ್ಟ ಹೆಸರು ‘ಆಪರೇಷನ್ ಕಾವೇರಿ’. ಬೆಳಕವಾಡಿಯ ಮಗ್ಗುಲಲ್ಲಿ ಹರಿಯುವ ನದಿಯ ಹೆಸರನ್ನು ನೈಲ್ ನದಿಯ ದಡದಲ್ಲಿ ಜನ ಪ್ರಾರ್ಥನೆಯಂತೆ ಉಚ್ಚರಿಸಿರಬೇಕು.

ಆ ಘಟನೆಯಿಂದ ಕಲಿಯಬೇಕಾದುದು ಬಹಳವಿದೆ. ವಿಮಾನವೊಂದನ್ನೇ ನಂಬಿ ಹೊರಡಬಾರದು. ನೆಲದ ದಾರಿಯೊಂದು ತಿಳಿದಿರಬೇಕು. ಲುಬುಂಬಾಶಿಗೆ ಜಾಂಬಿಯಾ ದೇಶದ ಗಡಿ ಸಮೀಪವಿರುವುದು ಒಂದು ಅನುಕೂಲ. ಪಾಸ್‌ಪೋರ್ಟನ್ನು ಯಾರ ಕೈಗೂ ಒಪ್ಪಿಸಿ ಬಿಡಬಾರದು. ಅದರ ಪ್ರತಿಯೊಂದು ಮನೆಯಲ್ಲಿಯೂ ಇರಬೇಕು. ಬ್ಯಾಂಕು ಮುಚ್ಚಿದರೂ ಒಂದು ವಾರ ಕಳೆಯುವಷ್ಟು ನಗದು ಹಣ ಬಳಿಯಲ್ಲಿರಬೇಕು. ತಲುಪಿದ ದಿನವೇ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು, ವಿಳಾಸ ನಮೂದಿಸಬೇಕು. ಯಾರು ಎಲ್ಲಿದ್ದಾರೆಂಬುದೇ ಗೊತ್ತಿರದಿದ್ದರೆ ಸರ್ಕಾರವಾದರೂ ಯಾರನ್ನು ಹುಡುಕೀತು? ಕಾಂಗೋದಲ್ಲಿ ನಮ್ಮ ರಾಯಭಾರ ಕಚೇರಿಯಿರುವುದು ಕಿನ್ಶಾಸಾ ನಗರದಲ್ಲಿ. ಲುಬುಂಬಾಶಿಗೂ ಅದಕ್ಕೂ ಸಾವಿರ ಕಿಲೋಮೀಟರಿಗೂ ಮಿಕ್ಕಿದ ಅಂತರ.

ಮೂರನೆಯದು ಆರೋಗ್ಯ. ಕಾಂಗೋ ಪ್ರವೇಶಿಸಲು ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಬೇಕೇ ಬೇಕು. ಲಸಿಕೆಯನ್ನು ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿಯೇ ಹಾಕಿಸಬೇಕು. ಪ್ರಮಾಣಪತ್ರಕ್ಕೆ ಬೆಲೆ ಬರುವುದು ಲಸಿಕೆ ಹಾಕಿಸಿದ ಹತ್ತು ದಿನಗಳ ನಂತರ. 2016ರಿಂದೀಚೆಗೆ ಒಂದೇ ಲಸಿಕೆ ಜೀವಮಾನವಿಡೀ ಸಲ್ಲುತ್ತದೆ. ಈ ರೋಗ ಭಾರತದಲ್ಲಿಲ್ಲ. ಆದರೆ ಅದನ್ನು ಹರಡಬಲ್ಲ ಸೊಳ್ಳೆ ನಮ್ಮ ಮನೆಮನೆಯಲ್ಲಿದೆ. ಆದ್ದರಿಂದಲೇ ಪ್ರಮಾಣಪತ್ರವಿಲ್ಲದೆ ಅಂಥ ದೇಶಗಳಿಂದ ಬಂದವರನ್ನು ಇಲ್ಲಿ ಆರು ದಿನಗಳವರೆಗೆ ಪ್ರತ್ಯೇಕವಾಗಿರಿಸುವ ಕಟ್ಟುನಿಟ್ಟು. ಸುಡಾನಿನಿಂದ ಜೀವ ಉಳಿಸಿಕೊಂಡು ಬಂದವರಲ್ಲಿಯೂ ಕೆಲವರು ಈ ಕಾರಣದಿಂದ ಮನೆ ಸೇರಲು ಕಾಯಬೇಕಾಯಿತು.

ಮಲೇರಿಯಾದ ವಿಷಯದಲ್ಲಿ ಹುಡುಗನದು ಒಂದು ತಪ್ಪು ತಿಳಿವಳಿಕೆ. “ಸೊಳ್ಳೆ ಕಡಿತ ನಮಗೇನು ಹೊಸದೇ?” ಎಂದ. ಆಫ್ರಿಕಾದ ಮಲೇರಿಯಾ ಬಹುಪಾಲು ಮೆದುಳಿಗೆ ಏರಬಲ್ಲ ಮಾರಕ ಜಾತಿಯದು. ಗದ್ದೆಯ ಬದಿಯಲ್ಲಿ ಬೆಳೆದ ಮಾತ್ರಕ್ಕೆ ಅದರ ವಿರುದ್ಧ ಶಕ್ತಿ ಬರುವುದಿಲ್ಲ. ವೈದ್ಯರು ಗೊತ್ತುಮಾಡಿದ ಮಾತ್ರೆಯನ್ನು ಹೊರಡುವ ಮೊದಲೇ ಆರಂಭಿಸಿ, ಹಿಂದಿರುಗಿದ ಮೇಲೂ ಅವರು ಹೇಳಿದಷ್ಟು ದಿನ ನುಂಗಬೇಕು. ಡಾಕ್ಸಿಸೈಕ್ಲಿನ್ ಆದರೆ ನಾಲ್ಕು ವಾರ. ಬಂದ ಮೇಲೆ ಜ್ವರ ಕಾಣಿಸಿದರೆ “ಆಫ್ರಿಕಾದಿಂದ ಬಂದಿದ್ದೇನೆ” ಎಂಬುದನ್ನೇ ವೈದ್ಯರಿಗೆ ಮೊದಲು ಹೇಳಬೇಕು. ಕುದಿಸಿ ಆರಿಸಿದ ನೀರು, ಬಿಸಿಯಾದ ಊಟ ಇವು ಎಲ್ಲರಿಗೂ ತಿಳಿದವೇ. ಶಾಕಾಹಾರಿಗಳು ಹುರಿಹಿಟ್ಟು, ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೋದರೆ ಮೊದಲ ದಿನಗಳ ಪರದಾಟ ತಪ್ಪುತ್ತದೆ.

ಇನ್ನೊಂದು ಮಾತು. ಪರದೇಶದಲ್ಲಿ ಪ್ರಯಾಣಿಕರ ಜೀವಕ್ಕೆ ರೋಗಗಳಿಗಿಂತ ದೊಡ್ಡ ಕಂಟಕ ರಸ್ತೆ ಅಪಘಾತ. ರಾತ್ರಿ ಪ್ರಯಾಣ ಬೇಡವೇ ಬೇಡ; ನಿಲ್ದಾಣಕ್ಕೆ ಗುರುತಿನವರೇ ಬರಬೇಕು. ವಿಮಾ ಪತ್ರವನ್ನೂ ಸಾಲು ಬಿಡದೆ ಓದಬೇಕು. ಯುದ್ಧ, ದಂಗೆಗಳಿಂದಾದ ಹಾನಿಗೆ ಹಣ ಕೊಡುವುದಿಲ್ಲವೆಂದು ಬಹಳಷ್ಟು ವಿಮೆಗಳಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತದೆ.

ಅಪಾಯವನ್ನು ಅಳೆಯುವುದೆಂದರೆ ಎರಡು ಪ್ರಶ್ನೆಗಳನ್ನು ಕೂಡಿಸಿ ಕೇಳುವುದು: ಇದು ಆಗುವ ಸಂಭವವೆಷ್ಟು? ಆದರೆ ನಷ್ಟವೆಷ್ಟು? ಹೊಟ್ಟೆನೋವು ಆಗುವ ಸಂಭವ ಹೆಚ್ಚು, ನಷ್ಟ ಕಡಿಮೆ. ಅಪಹರಣ ಆಗುವ ಸಂಭವ ಕಡಿಮೆ, ನಷ್ಟ ಅಪಾರ. ಲಿಬಿಯಾದಲ್ಲಿ 2015ರ ಜುಲೈನಲ್ಲಿ ಅಪಹೃತರಾದ ನಾಲ್ವರು ಭಾರತೀಯ ಅಧ್ಯಾಪಕರಲ್ಲಿ ಕರ್ನಾಟಕದ ಇಬ್ಬರು ಎರಡೇ ದಿನಗಳಲ್ಲಿ ಬಿಡುಗಡೆಯಾದರು; ಉಳಿದಿಬ್ಬರು ಮನೆಯ ಮುಖ ಕಾಣಲು ಒಂದು ವರ್ಷಕ್ಕೂ ಮಿಕ್ಕಿ ಕಾಯಬೇಕಾಯಿತು. ಮೊದಲ ಬಗೆಯ ಅಪಾಯಕ್ಕೆ ಔಷಧಿಯ ಪೊಟ್ಟಣ ಸಾಕು. ಎರಡನೆಯ ಬಗೆಯದು ಇರುವಲ್ಲಿಗೆ ಹೋಗದಿರುವುದೇ ಔಷಧಿ.

ಮರುದಿನ ಹುಡುಗ ಕಂಪನಿಗೆ ಪತ್ರ ಬರೆದ: ಲುಬುಂಬಾಶಿ ಒಂದಕ್ಕೇ ಭೇಟಿ; ಹಗಲು ಪ್ರಯಾಣ; ಕಾಯಿಲೆಯಾದರೆ ವಿಮಾನದಲ್ಲಿ ಹಿಂದಕ್ಕೆ ಕರೆತರುವ ವಿಮೆ; ಲಸಿಕೆಯ ಹತ್ತು ದಿನ ಕಳೆದ ಮೇಲೆ ಟಿಕೆಟ್ಟು. “ಅವರು ಒಪ್ಪದಿದ್ರೆ?” ಎಂದು ತಾಯಿ ಕೇಳಿದಳು. ಸಾಲದ ಲೆಕ್ಕವೆಲ್ಲ ಗೊತ್ತಿದ್ದ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಪ್ಪದಿದ್ರೆ ಹೋಗಲ್ಲ ಅವ್ವ” ಎಂದ. ದೊಡ್ಡಪ್ಪನವರು ತಲೆಯಾಡಿಸಿದರು.

ಕಂಪನಿ ಒಪ್ಪಿತು. ಅವನು ಹೋಗಿ, ಹದಿನೆಂಟು ದಿನಗಳಲ್ಲಿ ಕ್ಷೇಮವಾಗಿ ಹಿಂದಿರುಗಿದ. ಬಂದ ಮೇಲೂ ನಾಲ್ಕು ವಾರ, ಪ್ರತಿದಿನ ತಿಂಡಿಯ ತಟ್ಟೆಯ ಪಕ್ಕದಲ್ಲಿ ಮಾತ್ರೆಯನ್ನಿಟ್ಟು, ಅವನು ನುಂಗುವ ತನಕ ಆ ತಾಯಿ ಎದ್ದು ಹೋಗಲಿಲ್ಲವಂತೆ. ಮಕ್ಕಳನ್ನು ದೂರದ ನಾಡಿಗೆ ಕಳುಹಿಸುವ ಮನೆಗಳಲ್ಲಿ ಹೆದರಿಕೆ ಇರುವುದು ಸಹಜ. ಅದನ್ನು ಅದುಮಿಡುವ ಬದಲು, ಪ್ರಶ್ನೆಗಳಾಗಿ ಮಾಡಿ ಒಂದೊಂದಾಗಿ ಉತ್ತರ ಪಡೆಯುವುದು ಮೇಲು. ಉತ್ತರ ದೊರೆಯದ ಪ್ರಶ್ನೆಯೊಂದು ಉಳಿದಿದ್ದರೆ, ಅಲ್ಲಿಯವರೆಗೆ ಕಂಬ ಹತ್ತದಿರುವುದೇ ಒಳಿತು.